ಕಡಲಾಳದ ರಾಕ್ಷಸ, ಯಲ್ಲಾಪುರದ ದ್ವಿವರ್ಣ

ಒದ್ದೆ ನೆಲದ ಮೇಲಿರುವ ಹಳೇ ಹೂಕುಂಡವನ್ನು ಎತ್ತಿ ನೋಡಿ. ಹದಿನಾಲ್ಕು ಕಾಲಿನ, ಬೂದು ಬಣ್ಣದ ಪುಟ್ಟ ಜೀವಿಗಳು ದಿಕ್ಕಾಪಾಲಾಗಿ ಓಡುತ್ತವೆ. ಹುಳುವಿನಂತೆ ಕಂಡರೂ ಅವು ಏಡಿ, ಸಿಗಡಿಗಳ ಬಳಗದ ಕಠಿಣಚರ್ಮಿಗಳು. ಅದೇ ಆಕಾರದ, ಒಂದಡಿಗಿಂತಲೂ ಉದ್ದದ ಜೀವಿಯೊಂದು 2018ರಲ್ಲಿ ಜಾವಾ ದ್ವೀಪದ ದಕ್ಷಿಣದ ಕಡಲಲ್ಲಿ, ಸುಮಾರು ಒಂದು ಕಿಲೋಮೀಟರ್ ಆಳದಿಂದ ಬಲೆಗೆ ಬಂತು. ಉದ್ದ 36.3 ಸೆಂಟಿಮೀಟರ್.

ಅದು ಬ್ಯಾಥಿನೋಮಸ್ ಕುಲದ್ದೆಂದು ಕಂಡೊಡನೆ ಹೇಳಬಹುದಿತ್ತು. 1879ರಲ್ಲಿ ಫ್ರೆಂಚ್ ಪ್ರಾಣಿಶಾಸ್ತ್ರಜ್ಞ ಅಲ್ಫೋನ್ಸ್ ಮಿಲ್ನ್-ಎಡ್ವರ್ಡ್ಸ್ ಗುರುತಿಸಿದ ಕುಲ ಅದು. ಆದರೆ ಹೊಸ ಪ್ರಭೇದವೋ, ಹಳೆಯದೋ? ಬಾಲದ ತಟ್ಟೆಯ ಅಂಚಿನ ಮುಳ್ಳುಗಳನ್ನು ಎಣಿಸಬೇಕು, ಅವುಗಳ ಬಾಗು ನೋಡಬೇಕು, ಹಿಂದೆ ವರ್ಣಿಸಿದ ಪ್ರತಿಯೊಂದು ಪ್ರಭೇದದೊಂದಿಗೂ ಹೋಲಿಸಬೇಕು. ಎರಡು ವರ್ಷದ ಬಳಿಕ, 2020ರಲ್ಲಿ, ಅದಕ್ಕೆ ಬ್ಯಾಥಿನೋಮಸ್ ರಕ್ಸಾಸ ಎಂಬ ಹೆಸರು ಬಂತು. ಇಂಡೋನೇಷ್ಯಾದ ಭಾಷೆಯಲ್ಲಿ ರಕ್ಸಾಸ ಎಂದರೆ ದೈತ್ಯ. ನಮ್ಮ ಯಕ್ಷಗಾನದಲ್ಲಿ ಅಬ್ಬರಿಸುವ ರಾಕ್ಷಸನೇ ಕಡಲು ದಾಟಿ ಹೋಗಿ ಅಲ್ಲಿ ರಕ್ಸಾಸ ಆಗಿದ್ದಾನೆ!

ವೈಜ್ಞಾನಿಕ ಹೆಸರನ್ನು ಲ್ಯಾಟಿನ್ ಲಿಪಿಯಲ್ಲಿ ಬರೆಯಬೇಕು, ನಿಜ. ಪದ ಮಾತ್ರ ಯಾವ ಭಾಷೆಯದಾದರೂ ಆದೀತು. ಆ ಹೆಸರು ಒಂದು ನಿರ್ದಿಷ್ಟ ಮಾದರಿಗೆ ಅಂಟಿಕೊಂಡಿರುತ್ತದೆ. ಸಂಗ್ರಹಾಲಯದಲ್ಲಿ ಕಾಪಿಟ್ಟ ಆ ಒಂದು ದೇಹವೇ ಮುಂದಿನ ಎಲ್ಲ ವಾದಗಳಿಗೂ ಸಾಕ್ಷಿ. ನನಗೆ ಈ ವ್ಯವಸ್ಥೆಯ ಬಗ್ಗೆ ಬಹಳ ಗೌರವ. ನೂರು ವರ್ಷದ ನಂತರ ಯಾರಾದರೂ ಸಂಶಯಪಟ್ಟರೆ, ಹೋಗಿ ನೋಡಲು ಒಂದು ವಸ್ತು ಇದ್ದೇ ಇರುತ್ತದೆ.

ಇಂಥದೇ ನಾಮಕರಣ ನಮ್ಮ ಉತ್ತರ ಕನ್ನಡದಲ್ಲೂ ನಡೆದಿದೆ, ಕಡಲಿನಲ್ಲಲ್ಲ, ಯಲ್ಲಾಪುರದ ಕಾಡಿನಲ್ಲಿ. ಅಲ್ಲಿ ಸಿಕ್ಕ ಸಿಹಿನೀರಿನ ಏಡಿಯೊಂದರ ಮೈಮೇಲೆ ಬಿಳುಪು ಮತ್ತು ಕೆನ್ನೇರಳೆ, ಎರಡು ಬಣ್ಣ. 2022ರಲ್ಲಿ ಅದು ಘಾಟಿಯಾನ ದ್ವಿವರ್ಣ ಆಯಿತು. ಘಾಟಿಯಾನ ಕುಲದ ಹೆಸರಿನಲ್ಲಿ ನಮ್ಮ ಘಟ್ಟವೇ ಕೂತಿದೆ; ಅದನ್ನು 2014ರಲ್ಲಿ ಪತಿ ಮತ್ತು ಶರ್ಮಾ ಸ್ಥಾಪಿಸಿದರು. ಕಣ್ಣಿಗೆ ಹೊಡೆಯುವ ಬಣ್ಣವಿದ್ದರೂ ವಿಜ್ಞಾನಿಗಳು ಅದೊಂದನ್ನೇ ನಂಬುವುದಿಲ್ಲ. ಏಡಿಗಳಲ್ಲಿ ಪ್ರಭೇದ ಬೇರ್ಪಡಿಸುವ ಮುಖ್ಯ ಗುರುತು ಗಂಡಿನ ಹೊಟ್ಟೆಯಡಿ ಮಡಚಿಕೊಂಡಿರುವ, ಸಂತಾನಕ್ರಿಯೆಗೆ ಮಾರ್ಪಟ್ಟ ಪುಟ್ಟ ಉಪಾಂಗದ ಆಕಾರ.

ಘಟ್ಟದಲ್ಲಿ ಇಷ್ಟೊಂದು ಬಗೆಯ ಏಡಿಗಳೇಕೆ? ಕಡಲ ಏಡಿಯ ಮರಿಗಳು ಮೊದಲು ಸೂಕ್ಷ್ಮ ಲಾರ್ವಾಗಳಾಗಿ ತೇಲುತ್ತಾ ದೂರ ಹೋಗುತ್ತವೆ. ಘಟ್ಟದ ಏಡಿಗೆ ಆ ಅವಸ್ಥೆಯೇ ಇಲ್ಲ. ಮೊಟ್ಟೆಯೊಡೆದು ನೇರವಾಗಿ ಪುಟ್ಟ ಏಡಿಯೇ ಹೊರಬರುತ್ತದೆ, ಕೆಲಕಾಲ ತಾಯಿಯ ಹೊಟ್ಟೆಗೇ ಅಂಟಿಕೊಂಡಿರುತ್ತದೆ. ಯಲ್ಲಾಪುರದ ಮರಿ ತೇಲಿಕೊಂಡು ಕೊಯಮತ್ತೂರಿನ ಆನೆಮಲೆಗೆ ಹೋಗಲಾರದು. ಹೀಗೆ ಒಂಟಿಯಾಗಿ ಉಳಿದ ಗುಂಪುಗಳು ಕಾಲಾಂತರದಲ್ಲಿ ಬೇರೆ ಬೇರೆ ಪ್ರಭೇದಗಳಾಗುತ್ತವೆ. ಅದೇ ಕಾರಣಕ್ಕೆ, ಒಂದು ಬೆಟ್ಟ ಅಗೆದರೆ ಒಂದು ಪ್ರಭೇದವೇ ಹೋಗಬಹುದು. ಹೆಸರೇ ಇಲ್ಲದ ಜೀವಿಯ ಪರವಾಗಿ ಯಾವ ಕಡತದಲ್ಲೂ ಒಂದು ಸಾಲು ಬರೆಯಲಾಗದು.

ಮೊದಲು ದ್ವಿವರ್ಣ ಏಡಿ ಬಿದ್ದದ್ದು ಊರಿನವರ ಕಣ್ಣಿಗೆ: ಒಬ್ಬರು ಅರಣ್ಯ ಸಿಬ್ಬಂದಿ, ಇನ್ನೊಬ್ಬರು ನಿಸರ್ಗಪ್ರಿಯರು. ಪ್ರಭೇದದ ಹೆಸರಿನ ಮುಂದೆ ಅದನ್ನು ವರ್ಣಿಸಿದವರ ಹೆಸರು ಬರೆಯುವುದು ರೂಢಿ. ದ್ವಿವರ್ಣದ ಮುಂದೆ ಈ ಇಬ್ಬರ ಹೆಸರೂ ಸೇರಿ ಹೀಗಿದೆ: ಪತಿ, ಠಾಕ್ರೆ, ಬಜಂತ್ರಿ, ಹೆಗಡೆ, 2022.