ಗೇರು ಯಾವಾಗ ಬೀಳಬೇಕು?

1953ರ ಆಗಸ್ಟ್ 12ರಂದು ಅಮೆರಿಕದ ಮಿಶಿಗನ್ ರಾಜ್ಯದ ಲಿವೋನಿಯಾದಲ್ಲಿ ವೆಲ್ಡಿಂಗ್ ಕಿಡಿ ಸಿಡಿದು ಜನರಲ್ ಮೋಟಾರ್ಸ್‌ನ ಗೇರ್‌ಬಾಕ್ಸ್ ಕಾರ್ಖಾನೆ ಸುಟ್ಟುಹೋಯಿತು. ಜೀವಗಳೂ ಹೋದವು. ಕ್ಲಚ್ ತುಳಿಯುವ ಗೊಡವೆಯಿಲ್ಲದೆ ತಾನೇ ಗೇರು ಬದಲಿಸುವ ಹೈಡ್ರಾಮ್ಯಾಟಿಕ್ ತಯಾರಾಗುತ್ತಿದ್ದದ್ದು ಅಲ್ಲೇ. ಕ್ಯಾಡಿಲಾಕ್‌ಗೆ ಬ್ಯೂಕಿನ ಗೇರ್‌ಬಾಕ್ಸ್, ಪಾಂಟಿಯಾಕ್‌ಗೆ ಷೆವರ್ಲೆಯದು, ಹೀಗೆ ಕಡ ತಂದು ಕಾರುಗಳನ್ನು ಹೊರಬಿಡಬೇಕಾಯಿತು. ಕಂಪನಿಗೆ ಹೊಸ ನೆಲೆ ಸಿಕ್ಕಿದ್ದು ವಿಲೋ ರನ್‌ನಲ್ಲಿ. ಎರಡನೇ ಮಹಾಯುದ್ಧದ ಬಿರುಸಿನಲ್ಲಿ ಫೋರ್ಡ್ ಕಂಪನಿ ಹೆಚ್ಚುಕಡಿಮೆ ಗಂಟೆಗೊಂದರಂತೆ ಬಿ-24 ಬಾಂಬರ್ ವಿಮಾನ ಕಟ್ಟಿದ್ದ ದೈತ್ಯ ಸೂರು ಅದು. ಕೆಲವೇ ತಿಂಗಳಲ್ಲಿ ಅಲ್ಲಿಂದ ಹೈಡ್ರಾಮ್ಯಾಟಿಕ್ ಮತ್ತೆ ಬರತೊಡಗಿತು.

ಅದೇ ಮನೆತನದ ಟರ್ಬೊ 400 ಗೇರ್‌ಬಾಕ್ಸ್ ಬಂದದ್ದು 1964ರಲ್ಲಿ. 1967ರಲ್ಲಿ ಅದು ದೊಡ್ಡ ಎಂಜಿನ್ನಿನ ಬಿರುಸಿನ 'ಮಸಲ್ ಕಾರು'ಗಳ ಹಿರಿಯಣ್ಣ ಪಾಂಟಿಯಾಕ್ ಜಿಟಿಒಗೂ ಸೇರಿತು. ಎರಡೇ ಗೇರಿನ ಹಳೆಯ ಪೆಟ್ಟಿಗೆಯ ಜಾಗದಲ್ಲಿ ಮೂರು ಗೇರು!

ಅದರೊಳಗೆ ಕಂಪ್ಯೂಟರ್ ಇಲ್ಲ. ಎಣ್ಣೆಯ ಎರಡು ಒತ್ತಡಗಳು ಒಂದು ಪುಟ್ಟ ವಾಲ್ವನ್ನು ಟಗರುಗಳಂತೆ ಎದುರುಬದುರು ನಿಂತು ತಳ್ಳುತ್ತವೆ. ಒಂದು ಕಡೆ ಗವರ್ನರ್: ಕಾರು ಓಡಿದಷ್ಟೂ ಅದರ ತೂಕದ ಗುಂಡುಗಳು ಹೊರಕ್ಕೆ ಚಿಮ್ಮಿ ಒತ್ತಡ ಏರುತ್ತದೆ. ಇನ್ನೊಂದು ಕಡೆ ಮಾಡ್ಯುಲೇಟರ್: ಎಂಜಿನ್ನಿನ ನಿರ್ವಾತ ನೋಡಿಕೊಂಡು, ಆಕ್ಸಿಲರೇಟರ್ ಒತ್ತಿದಷ್ಟೂ 'ತಡಿ, ಇನ್ನೂ ಎಳೆಯಲಿ' ಎಂದು ಅಡ್ಡ ನಿಲ್ಲುತ್ತದೆ. ಗವರ್ನರ್ ಗೆದ್ದ ಗಳಿಗೆಗೆ ಮೇಲಿನ ಗೇರು ಬೀಳುತ್ತದೆ. ಎಷ್ಟು ಚೆಂದದ ಲೆಕ್ಕ!

ಕಾರ್ಖಾನೆಯ ಹೊಂದಾಣಿಕೆ ಸಂಸಾರಸ್ಥರಿಗೆ ಹೇಳಿ ಮಾಡಿಸಿದ್ದು. ಎಂಜಿನ್ನಿನಲ್ಲಿ ಇನ್ನೂ ಕಸುವಿರುವಾಗಲೇ ಗೇರು ಬೀಳುತ್ತಿತ್ತು. ರೇಸಿನ ಹುಡುಗರಿಗೆ ಅದು ಸಾಲದು. ಕೆಲವರು ಮಾಡ್ಯುಲೇಟರಿನ ಕೊಳವೆ ಕಿತ್ತು ಒಳಗಿನ ತಿರುಪು ತಿರುಗಿಸುತ್ತಾರೆ. ಅದರಿಂದ ನಿಧಾನದ ಓಡಾಟದಲ್ಲಿ ಗೇರು ತಡವಾಗಿ, ಗಟ್ಟಿಯಾಗಿ ಬೀಳುತ್ತದೆ; ಪೂರ್ತಿ ಒತ್ತಿದಾಗಿನ ಗಳಿಗೆ ಮಾತ್ರ ಅಷ್ಟಾಗಿ ಕದಲದು. ಅದನ್ನು ಬದಲಿಸಲು ಗವರ್ನರಿಗೇ ಕೈ ಹಾಕಬೇಕು. ಗೇರ್‌ಬಾಕ್ಸಿನ ಹಿಂಬದಿಯ ನಾಲ್ಕು ಬೋಲ್ಟು ಬಿಚ್ಚಿ, ಮುಚ್ಚಳ ತೆಗೆದರೆ ಗವರ್ನರ್ ಕೈಗೆ ಬರುತ್ತದೆ. ಗುಂಡು ಹಗುರಾದರೆ ಗೇರು ತಡವಾಗಿ ಬೀಳುತ್ತದೆ, ಭಾರವಾದರೆ ಬೇಗ. ಸ್ಪ್ರಿಂಗನ್ನೂ ಬದಲಿಸಬಹುದು. ಸ್ವಲ್ಪ ಉಜ್ಜುವುದು, ತಿರುಗಿ ಕೂಡಿಸುವುದು, ಓಡಿಸಿ ಆರ್‌ಪಿಎಂ ಮುಳ್ಳು ನೋಡುವುದು, ಮತ್ತೆ ಬಿಚ್ಚುವುದು. ಉಜ್ಜಿದ ಲೋಹ ಮರಳದು, ಹಾಗಾಗಿ ತಾಳ್ಮೆ ಬೇಕು. ಕ್ರೈಸ್ಲರ್ ಕಂಪನಿಯ 727 ಗೇರ್‌ಬಾಕ್ಸಿನಲ್ಲಿ ನಿರ್ವಾತದ ಬದಲು ಕಾರ್ಬುರೇಟರಿನಿಂದ ಬರುವ ಸರಳು ಮಾಡ್ಯುಲೇಟರಿನ ಕೆಲಸ ಮಾಡುತ್ತದೆ. ಅದರ ಅಳತೆ ತಪ್ಪಿದರೆ ಒತ್ತಡ ಸಾಲದೆ ಒಳಗಿನ ಕ್ಲಚ್ಚುಗಳು ಜಾರಿ ಸುಟ್ಟುಹೋಗುತ್ತವೆ.

1991ರಲ್ಲಿ ಟರ್ಬೊ 400ರ ವಂಶದ 4ಎಲ್80-ಇ ಬಂದಾಗ ಗವರ್ನರ್ ಮಾಯವಾಯಿತು. ಗೇರು ಬೀಳಿಸುವ ತೀರ್ಮಾನ ಕಂಪ್ಯೂಟರಿಗೆ ಹೋಯಿತು. ಅದು ಹೆಚ್ಚು ನಿಖರ, ಒಪ್ಪುತ್ತೇನೆ. ಆದರೆ ಒಂದು ಸ್ಪ್ಯಾನರ್, ಒಂದು ಅರ ಹಿಡಿದವನೂ ತನ್ನ ಕಾರಿನ ಬುದ್ಧಿಯನ್ನು ತಿದ್ದಬಹುದಾಗಿದ್ದ ಆ ಸ್ವಾತಂತ್ರ್ಯವನ್ನು ಯಾರ ಒಪ್ಪಿಗೆಯೂ ಕೇಳದೆ ಕಿತ್ತುಕೊಂಡದ್ದು ನನ್ನನ್ನು ಇಂದಿಗೂ ಕೆರಳಿಸುತ್ತದೆ. 2010ರಲ್ಲಿ ವಿಲೋ ರನ್ ಕಾರ್ಖಾನೆಯೂ ಬಾಗಿಲು ಹಾಕಿತು. ಟರ್ಬೊ 400ರ ಗವರ್ನರಿಗೆ ಗುಂಡು, ಸ್ಪ್ರಿಂಗುಗಳ ಕಿಟ್ ಮಾತ್ರ ಈಗಲೂ ಅಮೆರಿಕದ ಬಿಡಿಭಾಗದ ಅಂಗಡಿಗಳಲ್ಲಿ ಸಿಗುತ್ತದೆ.