ಮಗ್ಗುಲು ಬದಲಿಸುವ ಕೈಗಳು

ಬೆಳಗಿನ ಆರು ಗಂಟೆ. ಸಾಲಿಗ್ರಾಮದ ಯೋಗಾನರಸಿಂಹನ ಗುಡಿಯ ಕಡೆಯಿಂದ ಗಂಟೆ ಕೇಳಿಸುತ್ತಿದೆ. ಡೇರಿಗೆ ಹಾಲಿನ ಕ್ಯಾನು ಹೊತ್ತ ಬೈಕುಗಳು ಬೀದಿಯಲ್ಲಿ ಓಡಾಡುತ್ತಿವೆ. ಹೆಂಚಿನ ಮನೆಯೊಂದರ ಪಡಸಾಲೆಯಲ್ಲಿ ಸೊಸೆ ಗೋಡೆ ಗಡಿಯಾರ ನೋಡಿ ಗಂಡನನ್ನು ಕೂಗುತ್ತಾಳೆ: ‘ಬನ್ನಿ ಇತ್ಲಾಗೆ, ಮಾವಯ್ಯನ್ನ ಮಗ್ಗುಲು ಬದಲಿಸ್ಬೇಕು.’

ಬಾಡಿಗೆಗೆ ತಂದ ಆಸ್ಪತ್ರೆ ಮಂಚ, ಅದರ ಮೇಲೆ ಸಣ್ಣಗೆ ಸದ್ದು ಮಾಡುವ ಏರ್ ಬೆಡ್. ಬೆನ್ನಿನಡಿ ಅಡ್ಡಲಾಗಿ ಹಾಸಿದ ಹಳೇ ಪಂಚೆಯ ಎರಡು ಕಡೆಯ ಅಂಚನ್ನು ಗಂಡ ಹೆಂಡತಿ ಸುರುಳಿ ಸುತ್ತಿ ಹಿಡಿಯುತ್ತಾರೆ. ಒಂದೇ ಉಸಿರಿಗೆ ತುಸು ಮೇಲೆತ್ತಿ ಹೊರಳಿಸುತ್ತಾರೆ. ಎಳೆಯುವ ಹಾಗಿಲ್ಲ, ಎಳೆದರೆ ಚರ್ಮ ಉಜ್ಜಿ ಕಿತ್ತು ಬರುತ್ತದೆ. ಸ್ವಾಧೀನ ತಪ್ಪಿದ ಬಲಗೈ ಹಿಡಿದು ಎತ್ತುವ ಹಾಗಂತೂ ಇಲ್ಲವೇ ಇಲ್ಲ, ಭುಜದ ಕೀಲು ಜಾರುತ್ತದೆ. ಮೊಣಕಾಲುಗಳ ನಡುವೆ ಒಂದು ದಿಂಬು, ಬಲಗೈ ಕೆಳಗೆ ಇನ್ನೊಂದು. ಆಮೇಲೆ ಸೊಸೆ ಮೊಬೈಲಿನ ಟಾರ್ಚು ಹಿಡಿದು ಬೆನ್ನಿನ ಬುಡ, ಸೊಂಟದ ಪಕ್ಕ, ಹಿಮ್ಮಡಿಗಳನ್ನು ಒಂದೊಂದಾಗಿ ನೋಡುತ್ತಾಳೆ. ಸೊಂಟದ ಬಳಿ ಎಂಟಾಣೆ ಅಗಲದ ಕೆಂಪು. ಬೆರಳಿನಿಂದ ಒತ್ತಿ ಬಿಡುತ್ತಾಳೆ. ಬೆಳ್ಳಗಾಗಿ ಮತ್ತೆ ಕೆಂಪಗಾಯಿತು. ಅಂದರೆ ಸದ್ಯಕ್ಕೆ ಭಯವಿಲ್ಲ. ಒತ್ತಿದರೂ ಬೆಳ್ಳಗಾಗದ ಕೆಂಪು ಕಂಡರೆ ಅದೇ ಬೆಡ್ ಸೋರಿನ ಮೊದಲ ಹೆಜ್ಜೆ. ಎರಡು ಗಂಟೆಗೊಮ್ಮೆ, ಹಗಲೂ ರಾತ್ರಿ, ಇದೇ ಕೆಲಸ. ಮೈಸೂರಿನ ಆಸ್ಪತ್ರೆಯಿಂದ ಬಿಡಿಸಿಕೊಂಡು ಬರುವ ಮುನ್ನ ವಾರ್ಡಿನ ಸಿಸ್ಟರ್ ಅವಳ ಕೈ ಹಿಡಿದು ಕಲಿಸಿದ ಪಾಠ ಇದು.

ಇಂಥ ಮನೆ ಈ ಸೀಮೆಯಲ್ಲಿ ಊರಿಗೊಂದಾದರೂ ಸಿಗುತ್ತದೆ. ಕೃಷ್ಣರಾಜನಗರ, ಸಾಲಿಗ್ರಾಮದ ಭತ್ತದ ಬಯಲಿನಲ್ಲಾಗಲಿ, ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಹೊಲಗಳ ನಡುವೆಯಾಗಲಿ, ಕಥೆ ಹೆಚ್ಚುಕಡಿಮೆ ಒಂದೇ. ಅರವತ್ತು ದಾಟಿದ ರೈತ. ಬಿಪಿ ಇದೆ ಎಂದು ಗೊತ್ತಿತ್ತು. ಒಂದಷ್ಟು ದಿನ ಮಾತ್ರೆ ನುಂಗಿದರು. ‘ಚೆನ್ನಾಗೇ ಇವ್ನಲ್ಲ’ ಎಂದು ನಿಲ್ಲಿಸಿದರು. ಗದ್ದೆ ಬದುವಿನಲ್ಲಿ ನಿಂತಿದ್ದವರಿಗೆ ತಲೆ ಸಿಡಿಯುವಂಥ ನೋವು, ವಾಂತಿ. ಬಾಯಿ ಒಂದು ಕಡೆಗೆ ವಾಲಿತು, ಬಲಗೈ ಜೋತುಬಿತ್ತು, ಮಾತು ನಿಂತಿತು. ಸುತ್ತ ಸೇರಿದವರಲ್ಲಿ ಒಬ್ಬರು ಸೋಡಾ ಕುಡಿಸೋಣ ಎಂದರು. ಇನ್ನೊಬ್ಬರು ಪಾರಿವಾಳದ ರಕ್ತ ಹಚ್ಚಿದರೆ ಲಕ್ವ ಬಿಡುತ್ತದೆ ಎಂದರು. ಪುಣ್ಯಕ್ಕೆ ಪಕ್ಕದ ಗದ್ದೆಯ ಹುಡುಗ 108ಕ್ಕೆ ಫೋನು ಮಾಡಿದ್ದ. ಸಾಲಿಗ್ರಾಮದಿಂದ ಕೃಷ್ಣರಾಜನಗರ ದಾಟಿ ಮೈಸೂರಿಗೆ ಅರವತ್ತು ಕಿಲೋಮೀಟರಿನ ಆಸುಪಾಸು. ಆ ದಾರಿಯಲ್ಲಿ ವ್ಯರ್ಥವಾಗುವ ಪ್ರತಿ ನಿಮಿಷಕ್ಕೂ ಮೆದುಳು ಬೆಲೆ ತೆರುತ್ತದೆ.

ಸಿಟಿ ಸ್ಕ್ಯಾನಿನಲ್ಲಿ ಬೂದುಬಣ್ಣದ ಮೆದುಳಿನ ಎಡಭಾಗದಲ್ಲಿ ಬೆಳ್ಳಗೆ ಒಂದು ಮಚ್ಚೆ. ಹೊಸದಾಗಿ ಸುರಿದ ರಕ್ತ ಹಾಗೇ ಕಾಣುವುದು. ಲಕ್ವ ಎಂದು ನಾವು ಒಂದೇ ಹೆಸರಿನಲ್ಲಿ ಕರೆಯುವುದರಲ್ಲಿ ಎರಡು ಬಗೆಯಿದೆ. ಒಂದರಲ್ಲಿ ರಕ್ತನಾಳ ಕಟ್ಟಿಕೊಳ್ಳುತ್ತದೆ, ಇನ್ನೊಂದರಲ್ಲಿ ಒಡೆಯುತ್ತದೆ. ಕಟ್ಟಿಕೊಂಡಿದ್ದರೆ, ನಾಲ್ಕೂವರೆ ಗಂಟೆಯೊಳಗೆ ತಲುಪಿದವರಿಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಂಟು. ಒಡೆದಿದ್ದರೆ ಅದೇ ಇಂಜೆಕ್ಷನ್ ಪ್ರಾಣಕ್ಕೆ ಕುತ್ತು. ಆದ್ದರಿಂದಲೇ ಸ್ಕ್ಯಾನ್ ಆಗುವ ತನಕ ಮನೆಯಲ್ಲಿ ಆಸ್ಪಿರಿನ್ ನುಂಗಿಸಬಾರದು. ಜಗತ್ತಿನಲ್ಲಿ ಆಗುವ ಸ್ಟ್ರೋಕುಗಳಲ್ಲಿ ಸುಮಾರು ಕಾಲುಭಾಗ ಮೆದುಳಿನೊಳಗೇ ರಕ್ತ ಸುರಿದು ಆಗುವಂಥದ್ದು. ಜೀವ ತೆಗೆಯುವುದರಲ್ಲಿ ಮುಂದಿರುವುದೂ ಇದೇ. ಕೆಲವರಿಗಷ್ಟೇ ಆಪರೇಷನ್ನಿನಿಂದ ಉಪಯೋಗವಾಗುತ್ತದೆ. ಉಳಿದವರನ್ನು ಉಳಿಸುವುದು ಗಂಟೆಗಂಟೆಯ ಆರೈಕೆ.

ಐಸಿಯುವಿನ ರಾತ್ರಿಯನ್ನು ನೋಡಿದವರಿಗೆ ಈ ಮಾತು ಅರ್ಥವಾಗುತ್ತದೆ. ಮಂಚದ ತಲೆಭಾಗ ಮೂವತ್ತು ಡಿಗ್ರಿ ಮೇಲೆದ್ದಿದೆ. ಕುತ್ತಿಗೆ ಒಂದು ಪಕ್ಕಕ್ಕೆ ವಾಲದಂತೆ ಸಿಸ್ಟರ್ ಸರಿಪಡಿಸುತ್ತಾರೆ, ತಲೆಯಿಂದ ರಕ್ತ ಸರಾಗವಾಗಿ ಕೆಳಗಿಳಿದರೆ ಒಳಗಿನ ಒತ್ತಡ ತಗ್ಗುತ್ತದೆ. ಕೈಯಲ್ಲಿ ಪೆನ್ ಟಾರ್ಚು. ರೆಪ್ಪೆ ಬಿಡಿಸಿ ಬೆಳಕು ಹಾಯಿಸಿ ಪಾಪೆ ಕುಗ್ಗುತ್ತದೆಯೇ, ಎರಡೂ ಒಂದೇ ಅಳತೆಯಲ್ಲಿವೆಯೇ ಎಂದು ನೋಡುತ್ತಾರೆ. ‘ತಾತ, ಕಣ್ಬಿಡಿ. ನನ್ ಕೈ ಹಿಡ್ಕಳಿ, ಗಟ್ಟಿಯಾಗಿ’ ಎನ್ನುತ್ತಾರೆ. ಕಣ್ಣು, ಮಾತು, ಚಲನೆ ಮೂರಕ್ಕೂ ಅಂಕ ಕೊಟ್ಟು ಚಾರ್ಟಿನಲ್ಲಿ ಬರೆಯುತ್ತಾರೆ. ಪೂರ್ತಿ ಎಚ್ಚರವಿದ್ದರೆ 15, ಏನೂ ಪ್ರತಿಕ್ರಿಯೆ ಇಲ್ಲದಿದ್ದರೆ 3. ಹಿಂದಿನ ಗಂಟೆ 11 ಇದ್ದದ್ದು ಈಗ 9ಕ್ಕೆ ಇಳಿದರೆ ಡಾಕ್ಟರಿಗೆ ತಕ್ಷಣ ಫೋನು. ಒಳಗೆ ಮತ್ತೆ ರಕ್ತ ಸುರಿಯುತ್ತಿರಬಹುದು, ಇಲ್ಲವೆ ಮೆದುಳು ಬಾತಿರಬಹುದು. ಆ ಸುಳಿವು ಮೊದಲು ಕಾಣುವುದು ಹಾಸಿಗೆಯ ಪಕ್ಕ ನಿಂತವರ ಕಣ್ಣಿಗೆ.

ಇದು ಬರಿಯ ಹೊಗಳಿಕೆಯಲ್ಲ, ಅಳೆದು ನೋಡಿದ ಸತ್ಯ. ಆಸ್ಟ್ರೇಲಿಯಾದ 19 ಸ್ಟ್ರೋಕ್ ಘಟಕಗಳಲ್ಲಿ ನಡೆದು 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು ಅರ್ಧದಷ್ಟು ಘಟಕಗಳ ನರ್ಸ್‌ಗಳು ಜ್ವರ, ಸಕ್ಕರೆ, ನುಂಗುವ ಶಕ್ತಿ ಈ ಮೂರರ ಮೇಲೆ ಕಟ್ಟುನಿಟ್ಟಾಗಿ ಕಣ್ಣಿಟ್ಟರು, ಅಷ್ಟೆ. ತೊಂಬತ್ತು ದಿನಗಳ ನಂತರ, ಉಳಿದ ಘಟಕಗಳಿಗಿಂತ ಅಲ್ಲಿ ಬದುಕುಳಿದು ತಮ್ಮ ಕೆಲಸ ತಾವು ಮಾಡಿಕೊಳ್ಳುವವರ ಪ್ರಮಾಣ ನೂರಕ್ಕೆ ಹದಿನಾರರಷ್ಟು ಹೆಚ್ಚಾಗಿತ್ತು. ರಕ್ತಸ್ರಾವದ ಸ್ಟ್ರೋಕಿನ ಮೇಲೆಯೇ, ಭಾರತವೂ ಸೇರಿ ಹತ್ತು ದೇಶಗಳಲ್ಲಿ ಏಳು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಸೇರಿಸಿಕೊಂಡ ಅಧ್ಯಯನ 2023ರಲ್ಲಿ ಬಂತು. ಮೇಲಿನ ಬಿಪಿಯನ್ನು ಬೇಗನೆ 140ರ ಕೆಳಗಿಳಿಸಿ, ಜೊತೆಗೆ ಸಕ್ಕರೆ, ಜ್ವರಗಳನ್ನು ಹತೋಟಿಯಲ್ಲಿಟ್ಟರೆ, ರಕ್ತ ತೆಳುವಾಗಿಸುವ ಮಾತ್ರೆ ತಿನ್ನುತ್ತಿದ್ದವರಿಗೆ ಅದರ ಪ್ರಭಾವ ಇಳಿಸಿದರೆ, ಆರು ತಿಂಗಳ ಹೊತ್ತಿಗೆ ಚೇತರಿಕೆ ಮೇಲಾಗಿರುತ್ತದೆ ಎಂದು ಅದು ತೋರಿಸಿತು.

ಮತ್ತೆ ಪಡಸಾಲೆಗೆ ಬರೋಣ. ಎಂಟು ಗಂಟೆ, ಊಟದ ಹೊತ್ತು. ರಾಗಿ ಗಂಜಿಯನ್ನು ಸೊಸೆ ತೆಳುಬಟ್ಟೆಯಲ್ಲಿ ಸೋಸುತ್ತಾಳೆ, ಒಂದು ಗಂಟು ಉಳಿದರೂ ಮೂಗಿನ ಪೈಪು ಕಟ್ಟುತ್ತದೆ. ಮಂಚದ ಹಿಡಿ ತಿರುಗಿಸಿ ಮಾವನನ್ನು ಒರಗಿ ಕೂತಂತೆ ಮಾಡುತ್ತಾಳೆ. ಮೂಗಿನ ಬಳಿ ಪೈಪಿನ ಮೇಲಿನ ಗುರುತು ಇದ್ದಲ್ಲೇ ಇದೆಯೇ ಎಂದು ನೋಡುತ್ತಾಳೆ. ಸಿರಿಂಜಿಗೆ ಎಳೆದಾಗ ಹೊಟ್ಟೆಯ ನೀರು ಬಂದರೆ ಸರಿ. ಆಮೇಲೆ ಉಗುರುಬೆಚ್ಚಗಿನ ಗಂಜಿ ಸಿರಿಂಜಿನಲ್ಲಿ ತಾನಾಗಿ ಇಳಿಯಬೇಕು, ಒತ್ತಿ ತಳ್ಳಬಾರದು. ಕೊನೆಗೆ ಪೈಪು ತೊಳೆಯಲು ಒಂದಿಷ್ಟು ನೀರು. ಅರ್ಧ ಗಂಟೆಗೂ ಮೇಲೆ ಅದೇ ಭಂಗಿಯಲ್ಲಿ ಕೂರಿಸಬೇಕು.

ನೋಡಲು ಬಂದ ನೆಂಟರಿಗೆ ಕರುಳು ಚುರುಕ್ ಎನ್ನುತ್ತದೆ. ‘ಒಂದ್ ಗುಟುಕು ಕಾಫಿನಾದ್ರೂ ಬಾಯಿಗೆ ಬುಡ್ರವ್ವ’ ಎನ್ನುತ್ತಾರೆ. ‘ಬ್ಯಾಡ ದೊಡ್ಡವ್ವ, ಉಸ್ರಿನ ಕೊಳ್ವೆಗೆ ಹೋಯ್ತದೆ’ ಎಂದು ಸೊಸೆ ತಡೆಯುತ್ತಾಳೆ. ಗಂಟಲು ಸ್ವಾಧೀನದಲ್ಲಿಲ್ಲದವರಿಗೆ ಪ್ರೀತಿಯಿಂದ ಕುಡಿಸಿದ ಕಾಫಿ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುತ್ತದೆ. ಸ್ಟ್ರೋಕಿನಿಂದ ಪಾರಾದವರು ಎಷ್ಟೋ ಸಲ ಸಾಯುವುದು ಇದರಿಂದಲೇ.

ಹನ್ನೊಂದಕ್ಕೆ ಉಪಕೇಂದ್ರದ ಸಿಸ್ಟರ್ ಬರುತ್ತಾರೆ. ಬಿಪಿ 138. ಯೂರಿನ್ ಚೀಲ ಸೊಂಟಕ್ಕಿಂತ ಕೆಳಗೆ, ಆದರೆ ನೆಲಕ್ಕೆ ತಾಗದಂತೆ ನೇತಾಡುತ್ತಿದೆಯೇ, ಮಲ ಗಟ್ಟಿಯಾಗಿ ತಿಣುಕುತ್ತಿದ್ದಾರೆಯೇ ಎಂದು ವಿಚಾರಿಸುತ್ತಾರೆ. ಬಲಗೈ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಮಡಚಿ ತೋರಿಸುತ್ತಾರೆ. ಹಿರಿಯರ ಕಣ್ಣಲ್ಲಿ ನೀರು. ಮಾತು ಒಳಗಿದೆ, ಹೊರಗೆ ಬರುತ್ತಿಲ್ಲ. ‘ಅವಸರ ಬ್ಯಾಡ ತಾತ, ನಿಮ್ ಮಾತು ನಂಗೆ ಗೊತ್ತಾಯ್ತದೆ. ಹೌದಾದ್ರೆ ಕಣ್ಮುಚ್ಚಿ’ ಎನ್ನುತ್ತಾರೆ. ಹಿರಿಯರು ಕಣ್ಣು ಮುಚ್ಚಿ ತೆರೆಯುತ್ತಾರೆ.

ಈ ಊರಿಗೆ ಸೇವೆ ಹೊಸತಲ್ಲ. ರಾಮಾನುಜರ ಶಿಷ್ಯ ವಡುಗನಂಬಿ ಸಾಲಿಗ್ರಾಮದವರು. ಗುರುವಿಗೆ ಹಾಲು ಕಾಯಿಸುತ್ತಿದ್ದಾಗ ರಂಗನಾಥನ ಉತ್ಸವ ನೋಡಲು ಕರೆ ಬಂದರೂ, ಹಾಲು ಉಕ್ಕಿಹೋದೀತೆಂದು ಒಲೆ ಬಿಟ್ಟು ಏಳಲಿಲ್ಲ ಎಂದು ಶ್ರೀವೈಷ್ಣವ ಪರಂಪರೆ ಹೇಳುತ್ತದೆ. ನಂಟರ ಮದುವೆ, ಚುಂಚನಕಟ್ಟೆಯ ಜಾತ್ರೆ ಎಲ್ಲ ಬಿಟ್ಟು ಎರಡು ಗಂಟೆಗೊಮ್ಮೆ ಮಂಚದ ಬಳಿ ಬರುವ ಈ ಸೊಸೆಯದೂ ಅದೇ ನಿಷ್ಠೆ.

ಆದರೆ ನಿಷ್ಠೆಯೊಂದೇ ಸಾಲದು. ಭಾರತದ 14 ಆಸ್ಪತ್ರೆಗಳಲ್ಲಿ 1,250 ಸ್ಟ್ರೋಕ್ ರೋಗಿಗಳಲ್ಲಿ ಸುಮಾರು ಅರ್ಧದಷ್ಟು ಮಂದಿಯ ಮನೆಯವರಿಗೆ ತರಬೇತಿ ಕೊಟ್ಟು ನೋಡಿದ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಆರು ತಿಂಗಳಾದ ಮೇಲೆ ನೋಡಿದರೆ, ತರಬೇತಿ ಪಡೆದ ಮನೆಗಳಿಗೂ ಉಳಿದವಕ್ಕೂ ವ್ಯತ್ಯಾಸ ಕಾಣಲಿಲ್ಲ. ಇದರಿಂದ ನಾನು ಕಲಿತದ್ದಿಷ್ಟು: ಮನೆಯವರ ತಲೆಗೆ ಭಾರ ಕಟ್ಟಿ ವ್ಯವಸ್ಥೆ ಕೈ ತೊಳೆದುಕೊಳ್ಳುವಂತಿಲ್ಲ. ಪೈಪು ಬದಲಿಸಲು, ಹುಣ್ಣು ನೋಡಲು, ಕೈಕಾಲು ಆಡಿಸಲು, ಮಾತು ಕಲಿಸಲು ತರಬೇತಾದವರು ಮನೆಬಾಗಿಲಿಗೆ ಬರಬೇಕು. 2024ರಲ್ಲಿ ಕೋಲಾರದಿಂದ ಶುರುವಾದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಸಿಬ್ಬಂದಿ ಮನೆಮನೆಗೆ ಹೋಗಿ ಬಿಪಿ, ಸಕ್ಕರೆ ನೋಡುತ್ತಾರೆ. ಅದೇ ದಾರಿಯಲ್ಲಿ ಹಾಸಿಗೆ ಹಿಡಿದವರ ಆರೈಕೆಯೂ ಬರಲಿ. ಪ್ರತಿ ತಾಲ್ಲೂಕಿಗೂ ಸ್ಟ್ರೋಕ್ ಆರೈಕೆ ಬಲ್ಲ ನರ್ಸ್, ಫಿಸಿಯೋಥೆರಪಿಸ್ಟ್ ಇರಲಿ.

ಓದುವ ನಿಮ್ಮಲ್ಲೂ ಒಂದು ಕೋರಿಕೆ. ಮುಖ ವಾಲಿದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನು ಮಾಡಿ, ಗಂಟೆ ಎಷ್ಟೆಂದು ಬರೆದಿಟ್ಟುಕೊಳ್ಳಿ. ಬಿಪಿ ಮಾತ್ರೆ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಮೈ ಹಗುರವಾಗಿದೆ ಎಂದು ಅದನ್ನು ನೀವಾಗಿಯೇ ನಿಲ್ಲಿಸಬೇಡಿ.