ಬ್ಯಾಡ್ಜ್ ಬಂತು, ಬೆಲೆ ಎಷ್ಟು?

ಆನ್‌ಲೈನ್ ಕೋರ್ಸ್ ಮುಗಿಸಿದ ಕೂಡಲೇ ಪರದೆಯ ಮೇಲೆ ಬಣ್ಣದ ಬ್ಯಾಡ್ಜ್ ಮೂಡುತ್ತದೆ. ಖುಷಿಯೇನೋ ಸರಿ. ಆದರೆ ನಾಳೆ ಕೆಲಸ ಕೇಳೋಕೆ ಹೋದಾಗ ಅದು ಎಷ್ಟು ಉಪಯೋಗಕ್ಕೆ ಬರುತ್ತೆ? ಹಣ, ಸಮಯ ಹಾಕುವ ಮೊದಲೇ ತಿಳಿದುಕೊಳ್ಳಿ.

ಮದುವೆಗೆ ಮುಂಚೆ ಕೆಲಸದಲ್ಲಿದ್ದಿರಿ. ಮಗು ಆಯ್ತು, ಕೆಲಸ ಬಿಟ್ಟಾಯ್ತು. ಈಗ ಮಗು ಹೈಸ್ಕೂಲು. ಬೆಳಿಗ್ಗೆಯ ಗಡಿಬಿಡಿ ಮುಗಿದ ಮೇಲೆ ಒಂದೆರಡು ಗಂಟೆ ಬಿಡುವು ಸಿಗುತ್ತೆ. 'ಮತ್ತೆ ಏನಾದ್ರೂ ಮಾಡ್ಬೇಕು' ಅನ್ನೋ ಆಸೆಯೂ ಇದೆ. ಆದರೆ ಬಯೊಡಾಟಾದಲ್ಲಿ ಹತ್ತು ವರ್ಷದ ಖಾಲಿ ಜಾಗ! ಅದನ್ನು ಹೇಗಪ್ಪಾ ತುಂಬೋದು ಅಂತ ಯೋಚಿಸುವ ಹೊತ್ತಿಗೆ ಮೊಬೈಲಿನಲ್ಲಿ ಜಾಹೀರಾತು: 'ಮೂರೇ ಗಂಟೆಯ ಕೋರ್ಸ್, ಸರ್ಟಿಫಿಕೇಟ್ ಗ್ಯಾರಂಟಿ!'

ಈ 'ಗ್ಯಾರಂಟಿ' ಎನ್ನುವ ಪದ ಕಂಡರೆ ಸ್ವಲ್ಪ ನಿಲ್ಲಿ. ಕಲಿತವರಿಗೂ ಕಲಿಯದವರಿಗೂ ಒಂದೇ ರೀತಿ ಸಿಗುವ ಪತ್ರ, ನೀವು ಕಲಿತಿದ್ದೀರಿ ಎಂದು ಯಾರಿಗೂ ಹೇಳಲಾರದು.

ಏನಿದು ಬ್ಯಾಡ್ಜ್?

ಸ್ಕೌಟ್ಸ್ ಮಕ್ಕಳ ಅಂಗಿಯ ತೋಳಿನ ಮೇಲೆ ಹೊಲಿದ ಪುಟ್ಟ ಬ್ಯಾಡ್ಜ್‌ಗಳನ್ನು ನೋಡಿರುತ್ತೀರಲ್ಲ, ಡಿಜಿಟಲ್ ಬ್ಯಾಡ್ಜ್ ಅದರದ್ದೇ ಕಂಪ್ಯೂಟರ್ ರೂಪ. ನೋಡೋಕೆ ಬರೀ ಚಿತ್ರ. ಆದರೆ ಸರಿಯಾಗಿ ಮಾಡಿದ ಬ್ಯಾಡ್ಜ್ ಒಳಗೆ ಮಾಹಿತಿ ಅಡಗಿರುತ್ತದೆ. ಕೊಟ್ಟ ಸಂಸ್ಥೆ ಯಾವುದು, ಯಾರಿಗೆ ಕೊಟ್ಟಿದ್ದು, ಏನು ಮಾಡಿದ್ದಕ್ಕೆ ಕೊಟ್ಟಿದ್ದು, ಯಾವ ದಿನ, ಎಲ್ಲವೂ. ಕ್ಲಿಕ್ ಮಾಡಿದರೆ ಇದೆಲ್ಲ ತೆರೆದುಕೊಳ್ಳಬೇಕು. 2011ರಲ್ಲಿ ಮೊಜಿಲ್ಲಾ ಸಂಸ್ಥೆ 'ಓಪನ್ ಬ್ಯಾಡ್ಜ್' ಯೋಜನೆ ಶುರುಮಾಡಿದ್ದು ಇದೇ ಉದ್ದೇಶಕ್ಕೆ. ಯಾವ ಸಂಸ್ಥೆ ಕೊಟ್ಟರೂ ಎಲ್ಲ ಕಡೆ ಓದಲು ಬರುವಂಥ ಒಂದೇ ಬಗೆಯ ಬ್ಯಾಡ್ಜ್ ಇರಲಿ ಎಂದು.

ಇಂದು ಹಲವು ವಿಶ್ವವಿದ್ಯಾಲಯಗಳು ಪಾಠ, ಅಸೈನ್‌ಮೆಂಟ್, ಅಂಕಗಳನ್ನೆಲ್ಲ ಒಂದೇ ಕಡೆ ನಿಭಾಯಿಸುವ ತಂತ್ರಾಂಶ ಬಳಸುತ್ತವೆ. ಇದನ್ನು ಲರ್ನಿಂಗ್ ಮ್ಯಾನೇಜ್‌ಮೆಂಟ್ ಸಿಸ್ಟಂ ಎನ್ನುತ್ತಾರೆ. ಅದರಲ್ಲಿ ಹೆಸರಾದದ್ದು ಆಸ್ಟ್ರೇಲಿಯಾದಲ್ಲಿ ಹುಟ್ಟಿದ 'ಮೂಡಲ್'. 2013ರಿಂದ ಅದರಲ್ಲಿ ಬ್ಯಾಡ್ಜ್ ಕೊಡುವ ಸೌಲಭ್ಯವೂ ಇದೆ. ಮೇಷ್ಟ್ರು ಮೊದಲೇ ಒಂದು ಷರತ್ತು ಹಾಕಿಡುತ್ತಾರೆ. ಷರತ್ತು ಪೂರೈಸಿದರೆ ಬ್ಯಾಡ್ಜ್ ತಾನಾಗಿಯೇ ನಿಮ್ಮ ಖಾತೆಗೆ ಬಂದು ಕೂರುತ್ತದೆ.

ಗುಟ್ಟು ಇರೋದು ಈ ಷರತ್ತಿನಲ್ಲೇ! 'ವಿಡಿಯೋ ಪುಟ ತೆರೆದರೆ ಸಾಕು' ಅಂತಲೂ ಷರತ್ತು ಹಾಕಬಹುದು. 'ಪರೀಕ್ಷೆ ಪಾಸಾಗಬೇಕು, ಕೆಲಸ ಮಾಡಿ ತೋರಿಸಬೇಕು' ಅಂತಲೂ ಹಾಕಬಹುದು. ಎರಡಕ್ಕೂ ಬರುವ ಬ್ಯಾಡ್ಜ್ ಒಂದೇ ಥರ ಹೊಳೆಯುತ್ತದೆ. ಚಿನ್ನಕ್ಕೂ ಗಿಲೀಟಿಗೂ ಇರುವ ವ್ಯತ್ಯಾಸ ಹೊರಗಿನಿಂದ ಕಾಣುವುದಿಲ್ಲ, ಹಾಲ್‌ಮಾರ್ಕ್ ನೋಡಬೇಕು. ಹಾಗೇ ಇದೂ.

ಹಾಜರಿ ಬೇರೆ, ಪರೀಕ್ಷೆ ಬೇರೆ

ಆನ್‌ಲೈನ್ ಸರ್ಟಿಫಿಕೇಟ್‌ಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಮೊದಲನೆಯದು ಭಾಗವಹಿಸಿದ್ದಕ್ಕೆ ಕೊಡುವಂಥದ್ದು. ಮದುವೆ ಮನೆಯ ತಾಂಬೂಲದ ಹಾಗೆ, ಬಂದವರಿಗೆಲ್ಲ ಉಂಟು. ಎರಡನೆಯದು ಮನೆಯಲ್ಲೇ ಕೂತು ಕ್ವಿಜ್ ಬರೆದು ಪಡೆಯುವಂಥದ್ದು. ಮೂರನೆಯದು, ಗುರುತಿನ ಚೀಟಿ ತೋರಿಸಿ, ಪರೀಕ್ಷಾ ಕೇಂದ್ರಕ್ಕೇ ಹೋಗಿ ಬರೆದು ಗಳಿಸುವಂಥದ್ದು. ಬರೆದದ್ದು ನೀವೇ ಎನ್ನುವುದಕ್ಕೆ ಇದರಲ್ಲಿ ಸಾಕ್ಷಿ ಇರುವುದರಿಂದ ಇದಕ್ಕೇ ತೂಕ ಜಾಸ್ತಿ.

ಇದಕ್ಕೆ ಒಳ್ಳೆಯ ಉದಾಹರಣೆ ಎನ್‌ಪಿಟೆಲ್. ಐಐಟಿಗಳು ಮತ್ತು ನಮ್ಮ ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಕಾರ್ಯಕ್ರಮ ಇದು. ಇದರ ಕೋರ್ಸ್‌ಗಳು ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ 'ಸ್ವಯಂ' ಜಾಲತಾಣದಲ್ಲಿ ಸಿಗುತ್ತವೆ. ಪಾಠ ಕೇಳೋಕೆ, ಅಸೈನ್‌ಮೆಂಟ್ ಮಾಡೋಕೆ ಒಂದು ಪೈಸೆಯೂ ಬೇಡ. ಸರ್ಟಿಫಿಕೇಟ್ ಬೇಕು ಅಂದರೆ ಮಾತ್ರ ಶುಲ್ಕ ಕಟ್ಟಿ ಕೇಂದ್ರದಲ್ಲಿ ಪರೀಕ್ಷೆ ಬರೆಯಬೇಕು. ಅಸೈನ್‌ಮೆಂಟ್‌ಗೆ 25, ಪರೀಕ್ಷೆಗೆ 75 ಅಂಕ. ಅಸೈನ್‌ಮೆಂಟ್‌ನಲ್ಲಿ ಕನಿಷ್ಠ 10, ಪರೀಕ್ಷೆಯಲ್ಲಿ ಕನಿಷ್ಠ 30 ಬಂದರಷ್ಟೇ ಪತ್ರ. ಒಟ್ಟು 60 ದಾಟಿದರೆ 'ಎಲೀಟ್', 75 ದಾಟಿದರೆ ಜೊತೆಗೆ ಬೆಳ್ಳಿ, 90 ಮುಟ್ಟಿದರೆ ಚಿನ್ನ! ಪತ್ರ ಅಸಲಿಯೋ ನಕಲಿಯೋ ಎಂದು ಬೇರೆಯವರು ಆನ್‌ಲೈನ್‌ನಲ್ಲೇ ಪರೀಕ್ಷಿಸಬಹುದು.

ಒಂದು ಮಾತು. ಇಲ್ಲಿನ ಬಹುತೇಕ ಪಾಠ ಇಂಗ್ಲಿಷಿನಲ್ಲಿದೆ. ಕೆಲವು ಪಾಠಗಳ ಕನ್ನಡ ಅನುವಾದವೂ ಲಭ್ಯ. ಹೆದರಬೇಡಿ, ಪುಕ್ಕಟೆಯಾಗಿ ಎರಡು ವಾರ ಪಾಠ ಕೇಳಿ ನೋಡಿ. ಒಗ್ಗಿದರೆ ಶುಲ್ಕ ಕಟ್ಟಿ, ಇಲ್ಲದಿದ್ದರೆ ಬಿಡಿ. ನಷ್ಟ ಏನೂ ಇಲ್ಲ.

ಅರ್ಧಕ್ಕೆ ನಿಂತ ಡಿಗ್ರಿ

'ಎರಡನೇ ವರ್ಷದ ಬಿ.ಎ. ಆಗ್ತಿದ್ದ ಹಾಗೇ ಮದುವೆ ಮಾಡಿಬಿಟ್ರು' ಎನ್ನುವವರು ನಮ್ಮಲ್ಲಿ ಕಡಿಮೆಯೇನಿಲ್ಲ. ಅಂಥವರು ನೆನಪಿಡಬೇಕಾದ್ದು, ಎಷ್ಟು ಬ್ಯಾಡ್ಜ್ ಸೇರಿಸಿದರೂ ಅದು ಡಿಗ್ರಿ ಆಗುವುದಿಲ್ಲ. ಆದರೆ ಡಿಗ್ರಿಗೆ ಮತ್ತೆ ಸೇರಿಕೊಂಡರೆ ಸಹಾಯಕ್ಕೆ ಬರಬಹುದು. ಯುಜಿಸಿಯ 2021ರ ನಿಯಮದ ಪ್ರಕಾರ ಒಂದು ಸೆಮಿಸ್ಟರಿನ ಒಟ್ಟು ಕೋರ್ಸ್‌ಗಳಲ್ಲಿ ಶೇ. 40ರವರೆಗೆ ಸ್ವಯಂ ಮೂಲಕ ಓದಲು ವಿಶ್ವವಿದ್ಯಾಲಯಗಳು ಅವಕಾಶ ಕೊಡಬಹುದು. 'ಕೊಡಬಹುದು' ಎಂಬ ಪದ ಗಮನಿಸಿ. ಯಾವ ಕೋರ್ಸ್‌ಗೆ ಕ್ರೆಡಿಟ್ ಕೊಡುತ್ತೇವೆ ಎಂದು ನಿರ್ಧರಿಸುವುದು ನೀವು ಸೇರಿದ ವಿಶ್ವವಿದ್ಯಾಲಯ. ಆದ್ದರಿಂದ ಮೊದಲು ಅಲ್ಲಿ ವಿಚಾರಿಸಿ, ಆಮೇಲೆ ಕೋರ್ಸ್ ಆರಿಸಿ. ಹೀಗೆ ಗಳಿಸಿದ ಕ್ರೆಡಿಟ್ ಕೂಡಿಡುವುದಕ್ಕೆಂದೇ 2021ರಲ್ಲಿ ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಶುರುವಾಗಿದೆ. ನಮ್ಮ ಉಳಿತಾಯ ಖಾತೆ ಇದ್ದಂತೆ.

ಹಣ ಕಟ್ಟುವ ಮೊದಲು

* ಕೊಡುವವರು ಯಾರು? ಸಂಸ್ಥೆಯ ಸ್ವಂತ ಜಾಲತಾಣದಲ್ಲಿ ಆ ಕೋರ್ಸ್ ಇದೆಯೇ ನೋಡಿ. ವಾಟ್ಸಾಪ್‌ನಲ್ಲಿ ಬಂದ ಲಿಂಕ್ ನಂಬಿ ಹಣ ಹಾಕಬೇಡಿ. ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯನ್ನು ಯುಜಿಸಿ ಪ್ರಕಟಿಸುತ್ತದೆ, ಒಮ್ಮೆ ಕಣ್ಣಾಡಿಸಿ.

* ಏನು ಮಾಡಿದರೆ ಸಿಗುತ್ತೆ? ಪರೀಕ್ಷೆ, ಅಂಕ, ಮಾಡಿ ತೋರಿಸುವ ಕೆಲಸ ಯಾವುದೂ ಇಲ್ಲದಿದ್ದರೆ ಅದನ್ನು ಹವ್ಯಾಸ ಅಂದುಕೊಳ್ಳಿ. ತಪ್ಪೇನಿಲ್ಲ, ಆದರೆ ಸಾವಿರಗಟ್ಟಲೆ ಸುರಿಯಬೇಡಿ.

* ಪರಿಶೀಲಿಸೋಕೆ ಆಗುತ್ತಾ? ಕ್ಯೂಆರ್ ಕೋಡ್ ಅಥವಾ ಲಿಂಕ್ ಒತ್ತಿದಾಗ ಕೊಟ್ಟ ಸಂಸ್ಥೆಯ ಪುಟದಲ್ಲೇ ನಿಮ್ಮ ಹೆಸರು ಬರಬೇಕು.

* ಅವಧಿ ಇದೆಯಾ? ಕೆಲವು ಬ್ಯಾಡ್ಜ್‌ಗಳ ಕಾಲಾವಧಿ ಮುಗಿಯುತ್ತದೆ. ಮತ್ತೆ ಹಣ ಕೇಳಬಹುದು.

* ಕೆಲಸ ಕೊಡುವವರು ಕೇಳ್ತಾರಾ? ನಿಮಗೆ ಬೇಕಾದ ಕೆಲಸದ ನಾಲ್ಕೈದು ಜಾಹೀರಾತು ಓದಿ. ಅದರಲ್ಲಿ ಕೇಳಿರುವ ಕೌಶಲದ ಕೋರ್ಸನ್ನೇ ಹಿಡಿಯಿರಿ.

ಹತ್ತು ಬ್ಯಾಡ್ಜ್ ಗುಡ್ಡೆ ಹಾಕುವ ಬದಲು ಒಂದನ್ನು ಸರಿಯಾಗಿ ಗಳಿಸಿ. ಜೊತೆಗೆ ಕಲಿತದ್ದರಿಂದ ಏನಾದರೂ ಮಾಡಿಡಿ. ಟ್ಯಾಲಿ ಕಲಿತರೆ ಪರಿಚಯದ ಅಂಗಡಿಯ ಲೆಕ್ಕ ಬರೆದುಕೊಡಿ. ಪೋಷಣೆಯ ಬಗ್ಗೆ ಕಲಿತರೆ ಒಂದು ತಿಂಗಳ ಊಟದ ಪಟ್ಟಿ ತಯಾರಿಸಿ. ಸಂದರ್ಶನದಲ್ಲಿ 'ಇಷ್ಟು ವರ್ಷ ಏನ್ಮಾಡ್ತಿದ್ರಿ?' ಎಂದು ಕೇಳಿದಾಗ ಪತ್ರದ ಜೊತೆ ಅದನ್ನೂ ಮುಂದಿಡಿ. ಪತ್ರ ಬಾಗಿಲು ತೆರೆಯಬಹುದು, ಒಳಗೆ ಕೂರಿಸುವುದು ನಿಮ್ಮ ಕೆಲಸವೇ.